ರೂಟ್ ಸರ್ವರ್ ಜೊತೆ ಪದೇ ಪದೇ ಬೀಳುವ ಬಿಜಿಪಿ ಸೆಷನ್: ನನ್ನ ಅನುಭವ

ಡೊಂಬಿವಲಿಯ ನಮ್ಮ ಚಿಕ್ಕ ಜಾಲವನ್ನು ಮುಂಬಯಿಯ ಲಾಭರಹಿತ ಇಂಟರ್‌ನೆಟ್ ಎಕ್ಸ್‌ಚೇಂಜ್ (ಜಾಲಗಳು ನೇರವಾಗಿ ಟ್ರಾಫಿಕ್ ವಿನಿಮಯ ಮಾಡಿಕೊಳ್ಳುವ ತಾಣ) ಒಂದಕ್ಕೆ ಸೇರಿಸಿದ ಮೇಲೆ, ಅದರ ರೂಟ್ ಸರ್ವರ್ (ಸದಸ್ಯ ಜಾಲಗಳ ಮಾರ್ಗಗಳನ್ನು ಉಳಿದವರಿಗೆ ಹಂಚುವ ಸರ್ವರ್) ಜೊತೆಗಿನ ಬಿಜಿಪಿ (ಜಾಲಗಳು ಪರಸ್ಪರ ಮಾರ್ಗ ತಿಳಿಸುವ ಪ್ರೋಟೊಕಾಲ್) ಸೆಷನ್ ಏಳುತ್ತಿತ್ತು, ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತಿತ್ತು. ಹೀಗಾಗಿ ಪಕ್ಕದ ಠಾಣೆ ನಗರದ ಜಾಲಕ್ಕೆ ಹೋಗಬೇಕಾದ ಟ್ರಾಫಿಕ್ ಕೂಡ ದುಬಾರಿ ಟ್ರಾನ್ಸಿಟ್ (ಹಣ ಕೊಟ್ಟು ಪಡೆಯುವ ಇಂಟರ್‌ನೆಟ್ ಸಂಪರ್ಕ) ಹಿಡಿದು ಸಿಂಗಾಪುರ ಸುತ್ತಿ ಬರುತ್ತಿತ್ತು.

ಪ್ಯಾಚ್ ಕೇಬಲ್ ಮತ್ತು ಎಸ್‌ಎಫ್‌ಪಿ (ಕೇಬಲ್ ಕೂರಿಸುವ ಮಾಡ್ಯೂಲ್) ಬದಲಿಸಿದೆ (ಪಿಂಗ್ ಸರಿಯಿದ್ದಾಗ ಇದು ವ್ಯರ್ಥ ಕೆಲಸ), ಸೆಷನ್‌ನ ಎಂಡಿ5 ಪಾಸ್‌ವರ್ಡ್ ಮರುನಮೂದಿಸಿದೆ, ಪ್ರಿಫಿಕ್ಸ್ ಮಿತಿ (ಸ್ವೀಕರಿಸುವ ಮಾರ್ಗಗಳ ಗರಿಷ್ಠ ಸಂಖ್ಯೆ) ಏರಿಸಿದೆ; ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಸುಳಿವು ಇದ್ದದ್ದು ಲಾಗ್‌ನಲ್ಲಿ: ನಮ್ಮ ರೂಟರೇ ಕಳಿಸುತ್ತಿದ್ದ ನೋಟಿಫಿಕೇಶನ್ 3/11, ಅಂದರೆ ಎಎಸ್ ಪಾತ್ ದೋಷ. (ಎಎಸ್ ಸಂಖ್ಯೆ ಪ್ರತಿ ಜಾಲದ ಗುರುತು; ಮಾರ್ಗದಲ್ಲಿ ಬರುವ ಈ ಸಂಖ್ಯೆಗಳ ಪಟ್ಟಿಯೇ ಎಎಸ್ ಪಾತ್.) ರೂಟ್ ಸರ್ವರ್ ತನ್ನ ಎಎಸ್ ಸಂಖ್ಯೆಯನ್ನು ಪಾತ್‌ಗೆ ಸೇರಿಸಬಾರದೆಂದು 2016ರ ಇಂಟರ್‌ನೆಟ್ ಮಾನದಂಡ ದಾಖಲೆ ಆರ್‌ಎಫ್‌ಸಿ 7947 ಹೇಳುತ್ತದೆ. ಆದರೆ ನಮ್ಮ ರೂಟರಿನ ತಂತ್ರಾಂಶ ಸಿಸ್ಕೊ ಐಒಎಸ್, ಪಾತ್‌ನ ಮೊದಲ ಸಂಖ್ಯೆ ನೆರೆಯ ರೂಟರಿನದೇ ಆಗಿರಬೇಕೆಂದು ಡೀಫಾಲ್ಟ್ ಆಗಿ ಪಟ್ಟು ಹಿಡಿಯುತ್ತದೆ.

ಪರಿಹಾರ ಹೀಗಿದೆ: ಮೊದಲು ಟ್ರಾನ್ಸಿಟ್ ಮತ್ತು ಗ್ರಾಹಕರ ಸೆಷನ್‌ಗಳ ಫಿಲ್ಟರ್ ಬಿಗಿಮಾಡಿ, ಏಕೆಂದರೆ ಮುಂದಿನ ಸೆಟ್ಟಿಂಗ್ ಇಡೀ ರೂಟರಿಗೆ ಅನ್ವಯಿಸುತ್ತದೆ. ನಂತರ ‘ರೂಟರ್ ಬಿಜಿಪಿ’ ಅಡಿಯಲ್ಲಿ ‘ನೋ ಬಿಜಿಪಿ ಎನ್‌ಫೋರ್ಸ್-ಫಸ್ಟ್-ಎಎಸ್’ (ಆ ಪಟ್ಟು ಬಿಡಿಸುವ ಆದೇಶ) ಕೊಟ್ಟು, ರೂಟ್ ಸರ್ವರ್‌ನ ಒಳಬರುವ ರೂಟ್-ಮ್ಯಾಪ್‌ನಲ್ಲಿ (ಮಾರ್ಗಗಳಿಗೆ ಅನ್ವಯಿಸುವ ನಿಯಮ ಪಟ್ಟಿ) ಲೋಕಲ್ ಪ್ರಿಫರೆನ್ಸ್ 200 ಇಟ್ಟು (ಟ್ರಾನ್ಸಿಟ್‌ನದು 100ರಲ್ಲೇ ಇರಲಿ; ಹೆಚ್ಚಿನ ಸಂಖ್ಯೆಯ ಮಾರ್ಗಕ್ಕೇ ಆದ್ಯತೆ), ಆ ಒಂದೇ ಸೆಷನ್ ಕ್ಲಿಯರ್ ಮಾಡಿ (ಮರುಪ್ರಾರಂಭಿಸಿ). ಠಾಣೆಯ ಪಿಂಗ್ ಈಗ 2 ಮಿಲಿಸೆಕೆಂಡು.