ಕುಡಿತ ಬಿಟ್ಟವರ ಸಭೆ: ಹುಡುಕುವುದು ಹೇಗೆ?

ಕುಡಿತ ಬಿಡಬೇಕು ಅನ್ನುವವರಿಗೆ ನಮ್ಮ ಭಾಗದಲ್ಲಿ ಕೇಳಿನೋಡಬೇಕಾದ ಸಭೆಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಎಎ ಅಂತಲೇ ಕರೆಯುವ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಇದು ಭಾರತಕ್ಕೆ ಬಂದದ್ದು 1957ರಲ್ಲಿ. ಇನ್ನೊಂದು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ. ಎರಡರಲ್ಲೂ ಮಾತಾಡುವವರು ಕುಡಿದು, ಸೋತು, ಬಿಟ್ಟವರೇ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಮನೆ ಮನೆಗೆ ಜೋಳಿಗೆ ಹಿಡಿದು ಹೋಗಿ ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಹುಟ್ಟುಹಬ್ಬವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಆದರೆ ಜೋಳಿಗೆಗೆ ಹಾಕಿದ್ದು ಸಂಜೆ ಆರಕ್ಕೆ ಮತ್ತೆ ನೆನಪಾಗುತ್ತದಲ್ಲ, ಅದಕ್ಕೆ ವಾರ ವಾರ ಕೂಡುವ ಒಂದು ಜಾಗ ಬೇಕು.

ಮೊದಲು ಡಾಕ್ಟರು

ದಿನಾ ಕುಡಿಯುವವರು ಹುರುಪಿನಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಕೆಲವೇ ತಾಸುಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವ, ಮನೆಯವರ ಗುರುತೂ ಹತ್ತದ ಸನ್ನಿ ಹಿಡಿಯಬಹುದು. ಇದರಿಂದ ಜೀವ ಹೋಗುವುದುಂಟು. ಬೆಳಗ್ಗೆ ಎರಡು ಗುಟುಕು ಹಾಕಿದರಷ್ಟೇ ಕೈ ನಿಲ್ಲುವವರು, ಹಿಂದೆ ಫಿಟ್ಸ್ ಬಂದವರು ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ, ಔಷಧದ ಆಸರೆಯಲ್ಲಿ ಬಿಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಯೋಜನೆಯ ಕ್ಲಿನಿಕ್ ಇರುತ್ತದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ. ಫಿಟ್ಸ್ ಬಂದರಂತೂ ಸೀದಾ 108.

ಮನೆಯವರಿಗೊಂದು ಮಾತು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆ ಪುಡಿ ಮಾಡಿ, ಗೊತ್ತಾಗದಂತೆ ಪಲ್ಯದಲ್ಲಿ ಬೆರೆಸಬೇಡಿ. ಅದರ ಮೇಲೆ ಆತ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ವಿಳಾಸ ಸಿಕ್ಕರೆ ಸಾಲದು

ಎಎಯ ಭಾರತದ ಜಾಲತಾಣದಲ್ಲಿ ಸಭೆಗಳ ಮಾಹಿತಿ, ಸಹಾಯವಾಣಿ ಎರಡೂ ಸಿಗುತ್ತವೆ. ಹೆಚ್ಚಿನವರು ಎಡವುವುದು ಇಲ್ಲಿಯೇ: ವಿಳಾಸ ಬರೆದುಕೊಂಡು ನೇರ ಹೋಗಿಬಿಡುತ್ತಾರೆ. ಗುಂಪುಗಳಿಗೆ ಸ್ವಂತ ಕಟ್ಟಡ ಇರುವುದು ಅಪರೂಪ. ಶಾಲೆಯದೋ ಚರ್ಚಿನದೋ ಒಂದು ಕೋಣೆ. ಕೋಣೆ ಬದಲಾದರೂ ಪಟ್ಟಿಯಲ್ಲಿ ಹಳೆಯದೇ ಉಳಿದಿರುತ್ತದೆ. ಧೈರ್ಯ ಮಾಡಿ ಹೋದವನಿಗೆ ಕೀಲಿ ಹಾಕಿದ ಬಾಗಿಲು ಕಂಡರೆ ವಾಪಸ್ ಬರುವ ದಾರಿಯಲ್ಲಿ ಬಾರ್ ಇದ್ದೇ ಇರುತ್ತದೆ. ಆದ್ದರಿಂದ ಹೋಗುವ ದಿನ ಮತ್ತೊಮ್ಮೆ ಫೋನ್ ಮಾಡಿ. ಆ ಕಡೆ ಎತ್ತುವವರು ಕೆಲಸಕ್ಕೆ ಹೋಗುವ ಸದಸ್ಯರೇ ಆಗಿರಬಹುದು. ಹಗಲು ಸಿಗದಿದ್ದರೆ ಸಂಜೆ ಮಾಡಿ. "ಅಣ್ಣಾರ, ನನಗ ಸೆರಿ ಬಿಡಬೇಕಾಗೇತ್ರಿ, ಸಭಾ ಎಲ್ಲಿ ನಡೀತದ್ರಿ?" ಅಂದರೆ ಸಾಕು, ಹೆಸರು ಹೇಳಬೇಕಿಲ್ಲ.

ಆಮೇಲೆ ಕೇಳಬೇಕಾದವು: ವಾರದ ಯಾವ ದಿನ, ಎಷ್ಟೊತ್ತಿಗೆ, ಹತ್ತಿರದ ಗುರುತು ಯಾವುದು. ಮಾತು ಕನ್ನಡದಲ್ಲೋ, ಮರಾಠಿಯಲ್ಲೋ, ಹಿಂದಿಯಲ್ಲೋ. ಬೆಳಗಾವಿಯಲ್ಲಂತೂ ಇದನ್ನು ಕೇಳಲೇಬೇಕು. ತೆರೆದ ಸಭೆಯೋ, ಮುಚ್ಚಿದ ಸಭೆಯೋ? ತೆರೆದದ್ದಕ್ಕೆ ಹೆಂಡತಿ, ಅಣ್ಣ ಯಾರೂ ಜೊತೆಗೆ ಬರಬಹುದು. ಮುಚ್ಚಿದ್ದು ಕುಡಿತ ಬಿಡಬೇಕೆನ್ನುವವರಿಗಷ್ಟೇ. ಹಳ್ಳಿಯಿಂದ ಬರುವವರು ಸಭೆ ಮುಗಿದ ಮೇಲೆ ವಸ್ತಿ ಬಸ್ ಸಿಗುತ್ತದೋ ಇಲ್ಲವೋ ಲೆಕ್ಕ ಹಾಕಿಕೊಳ್ಳಬೇಕು. ಹತ್ತಿರದಲ್ಲಿ ಸಭೆಯೇ ಇಲ್ಲದಿದ್ದರೆ ಮೊಬೈಲಿನಲ್ಲಿ ಸೇರುವ ಆನ್‌ಲೈನ್ ಸಭೆಗಳಿವೆ. ಹೆಣ್ಣುಮಕ್ಕಳಿಗೆ ಹಲವು ಸಲ ಅದೇ ಸಲೀಸು.

ನವಜೀವನ ಸಮಿತಿಗೆ ದಾರಿ ಇನ್ನೂ ಸರಳ. ಓಣಿಯ ಧರ್ಮಸ್ಥಳ ಸಂಘದ ಅಕ್ಕನವರನ್ನು ಇಲ್ಲವೇ ತಾಲ್ಲೂಕಿನ ಯೋಜನಾ ಕಚೇರಿಯನ್ನು ಕೇಳಿದರಾಯಿತು. ಅಲ್ಲಿಗೆ ಸಾಮಾನ್ಯವಾಗಿ ಎಂಟು ದಿನಗಳ ಶಿಬಿರವೇ ಬಾಗಿಲು. ಮುಂದಿನ ಶಿಬಿರ ಯಾವ ಊರಲ್ಲಿ ಎಂದೂ ವಿಚಾರಿಸಿ.

ಒಳಗೆ ಹೋದ ಮೇಲೆ

ಕಾಲು ತಾಸು ಮೊದಲೇ ಹೋಗಿ. ತಡವಾದರೆ ಎಲ್ಲರ ಕಣ್ಣೂ ಬಾಗಿಲ ಕಡೆ ತಿರುಗುತ್ತದೆ, ಹೊಸಬರಿಗೆ ಅದೇ ದೊಡ್ಡ ಮುಜುಗರ. ಎಎ ಸಭೆ ಒಂದರಿಂದ ಒಂದೂವರೆ ತಾಸು. ಒಬ್ಬೊಬ್ಬರೇ ತಮ್ಮ ಪಾಡು ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಕೇಳ್ತೀನ್ರಿ" ಅಂದರೆ ಮುಂದಿನವರಿಗೆ ಹೋಗುತ್ತದೆ. ಪ್ರವೇಶ ಶುಲ್ಕ ಇಲ್ಲ. ಕೋಣೆಯ ಬಾಡಿಗೆ, ಚಹಾಕ್ಕೆಂದು ಕಾಣಿಕೆ ಎತ್ತುತ್ತಾರೆ, ಹೊಸಬರು ಹಾಕಲೇಬೇಕೆಂದಿಲ್ಲ. ದೇವರ ಮಾತು ಬಂದರೆ ಗಾಬರಿಯಾಗಬೇಡಿ, ಅದನ್ನು ಅವರವರ ನಂಬಿಕೆಗೆ ಬಿಟ್ಟಿದ್ದಾರೆ. ಚರ್ಚಿನ ಕೋಣೆಯಲ್ಲಿ ಕೂತರೆ ಯಾರೂ ಮತ ಬದಲಿಸುವುದಿಲ್ಲ.

ಎದ್ದು ಬರುವ ಮುಂಚೆ ಇಬ್ಬರು ಮೂವರ ಫೋನ್ ನಂಬರು ತೆಗೆದುಕೊಳ್ಳಿ. ಸಭೆಯ ಅರ್ಧ ಫಾಯಿದೆ ಇದರಲ್ಲೇ ಇದೆ. ಫೋನ್ ಮಾಡಬೇಕಾದದ್ದು ಕುಡಿಯಬೇಕು ಅನ್ನಿಸಿದಾಗ. ಕುಡಿದ ಮೇಲೆ ಆ ಫೋನ್ ಹೆಚ್ಚು ಕೆಲಸಕ್ಕೆ ಬರದು.

ಪರಿಚಯದವರು ಕಂಡಾರೆಂಬ ಅಂಜಿಕೆ ಇದ್ದರೆ ಪಕ್ಕದ ತಾಲ್ಲೂಕಿನ ಸಭೆ ನೋಡಿ. ಕಂಡವರೂ ಅದೇ ಕೆಲಸಕ್ಕೆ ಬಂದವರು, ಅದು ಬೇರೆ ಮಾತು. ಒಂದು ಗುಂಪು ಹೊಂದದಿದ್ದರೆ ಇನ್ನೊಂದು. ಐದಾರು ಸಲ ಹೋಗದೆ ತೀರ್ಮಾನಕ್ಕೆ ಬರಬೇಡಿ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ, ಕುಡಿಯುವವರು ಬಿಡಲಿ ಬಿಡದಿರಲಿ ಅವರು ಹೋಗಬಹುದು. ದುಡಿಯಲು ಗೋವಾ, ಪುಣೆಗೆ ಗುಳೆ ಹೋಗುವವರು ಹೊರಡುವ ಮೊದಲೇ ಅಲ್ಲಿಯ ಗುಂಪಿನ ನಂಬರನ್ನು ಇಲ್ಲಿಯ ಸದಸ್ಯರಿಂದ ಕೇಳಿ ಬರೆದುಕೊಳ್ಳಿ. ಅಲ್ಲಿ ಇಳಿದ ಮೇಲೆ ಹುಡುಕುತ್ತೇನೆ ಅಂದರೆ ಮೊದಲ ಪಗಾರ ಅದಕ್ಕಿಂತ ಮುಂಚೆ ಕೈಗೆ ಬರುತ್ತದೆ.