ಬೇಡಿದ್ದು ಸಿಗದೆ ತೀರಿಸಿದ ಹರಕೆ

2022ರ ಜನವರಿ. ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ತೋಟದಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿತ್ತು. ಸಂಜೆ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದಾಗ ಮಗ ಹೇಳಿದ: "ಅಮ್ಮ, ನಾನು ಪೊನ್ನಂಪೇಟೆ ಆಶ್ರಮಕ್ಕೆ ಸೇರುತ್ತೇನೆ. ಸಂನ್ಯಾಸಿಯಾಗಲು." ಟಾರ್ಪಾಲಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಅದನ್ನು ಎಳೆದು ಹೊದಿಸಿ, ಮೂಲೆಗೆ ಕಲ್ಲಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ರಾಮಕೃಷ್ಣ ಶಾರದಾಶ್ರಮ ನಮಗೆ ಹೊಸದಲ್ಲ. 1927ರಿಂದ ಇರುವ ಜಾಗ; ನಮ್ಮ ಮಾವನವರ ಕಾಲದಿಂದಲೂ ಹೋಗಿ ಬರುತ್ತಿದ್ದೇವೆ. ಚಿಕ್ಕಂದಿನಲ್ಲಿ ಅವನ ಕೈಹಿಡಿದು ಆರತಿಗೆ ಕರೆದೊಯ್ದವಳು ನಾನೇ. ಹಾಗೆ ಕರೆದೊಯ್ದ ಒಬ್ಬನೇ ಮಗನನ್ನು ದೇವರು ಅಲ್ಲೇ ಇಟ್ಟುಕೊಂಡರೆ ಯಾರ ಬಳಿ ದೂರು ಹೇಳುವುದು?

ಅವನು ಹೊರಟ ಮಾರನೆಯ ದಿನ ಅರಿಸಿನ ಬಟ್ಟೆಯಲ್ಲಿ ಹನ್ನೊಂದು ರೂಪಾಯಿ ಮುಡಿಪು ಕಟ್ಟಿ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನಿಗೆ ಹರಕೆ ಹೊತ್ತೆ: ಮಗ ಮನೆಗೆ ಮರಳಿದರೆ ಬಂದು ಒಪ್ಪಿಸುತ್ತೇನೆ. ದಿನವೂ ದೀಪ ಹಚ್ಚಿ ಅದನ್ನೇ ನೆನಪಿಸುತ್ತಿದ್ದೆ. ಅದನ್ನು ಭಕ್ತಿ ಎಂದೇ ತಿಳಿದಿದ್ದೆ. ಈಗ ನೋಡಿದರೆ ಅದು ವ್ಯಾಪಾರ; ದೇವರಿಗೆ ನಾನು ಆಜ್ಞೆ ಕೊಡುತ್ತಿದ್ದೆ. ಮದುವೆ ಮನೆಗಳಲ್ಲಿ ನೆಂಟರು "ಇನ್ನು ತೋಟ ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದಾಗಲೆಲ್ಲ ಮನೆಗೆ ಬಂದು ಇನ್ನಷ್ಟು ಗಟ್ಟಿಯಾಗಿ ಬೇಡುತ್ತಿದ್ದೆ. ಯಜಮಾನರು ಮಾತ್ರ ಏನೂ ಹೇಳದೆ ಬೆಳಿಗ್ಗೆ ಕತ್ತಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು.

ಅದೇ ವರ್ಷ ಅಕ್ಟೋಬರ್ 17ರ ಸಂಜೆ ತಲಕಾವೇರಿಗೆ ತೀರ್ಥೋದ್ಭವಕ್ಕೆ ಹೋಗಿದ್ದೆವು. ಬ್ರಹ್ಮಗಿರಿಯ ತಪ್ಪಲಲ್ಲಿ ಚಳಿ, ನೂಕುನುಗ್ಗಲು. ಕುಂಡಿಕೆಯಲ್ಲಿ ತೀರ್ಥ ಉಕ್ಕಿತೆಂದು ಜನ "ಕಾವೇರಮ್ಮೆ" ಎಂದು ಕೂಗಿದಾಗ, ಕಾವೇರಿಯನ್ನು ಅಗಸ್ತ್ಯರು ಕಮಂಡಲದಲ್ಲಿ ಇಟ್ಟುಕೊಂಡಿದ್ದು ನೆನಪಾಯಿತು. ಲೋಕದ ಹಿತಕ್ಕಾಗಿ ಹರಿಯಬೇಕೆಂದು ಅವಳು ಅವರ ಕೈಮೀರಿ ಹೊರಟುಹೋದಳು. ನೂರು ಸಲ ಕೇಳಿದ ಕಥೆ. ಆದರೆ ಅಗಸ್ತ್ಯರ ಪಕ್ಕದಲ್ಲಿ ನಿಂತು, ಬರಿದಾದ ಕಮಂಡಲ ನೋಡಿಕೊಂಡು ಕೇಳಿರಲಿಲ್ಲ. ಅವರ ಕೈತಪ್ಪಿ ಹೋದ ದಿನವನ್ನೇ ಅಲ್ಲವೇ ನಾವು ಹಬ್ಬ ಮಾಡುವುದು? ಅವಳು ಹರಿದು ಹೋಗದಿದ್ದರೆ ನಮ್ಮ ಗದ್ದೆಗೆ ನೀರೆಲ್ಲಿತ್ತು? ಬಿಂದಿಗೆಯಲ್ಲಿ ತೀರ್ಥ ತುಂಬಿಕೊಂಡು ಬರುವಾಗ ದಾರಿಯುದ್ದಕ್ಕೂ ಅತ್ತೆ.

ಮುಂದಿನ ವಾರ ಮುಡಿಪು ತೆಗೆದುಕೊಂಡು ಪಾಡಿಗೆ ಹೋದೆ. ಮಗ ಮರಳಿರಲಿಲ್ಲ. ಗಂಟು ಬಿಗಿದುಹೋಗಿತ್ತು, ಉಗುರಿನಿಂದ ಬಿಡಿಸಬೇಕಾಯಿತು. ಹನ್ನೊಂದು ರೂಪಾಯಿಯನ್ನು ಹುಂಡಿಗೆ ಹಾಕಿ, "ಬೇಡಿದ್ದನ್ನು ಬಿಟ್ಟಿದ್ದೇನೆ, ಅವನನ್ನು ನೋಡಿಕೋ" ಎಂದಷ್ಟೇ ಹೇಳಿದೆ. ಅಂದಿನಿಂದ ದೀಪದ ಮುಂದೆ ನನ್ನದು ಆ ಒಂದೇ ಮಾತು.

ಮನಸ್ಸು ಒಮ್ಮೆಗೇ ತಿಳಿಯಾಗಲಿಲ್ಲ. ಸಂನ್ಯಾಸ ತೆಗೆದುಕೊಳ್ಳುವ ಮುನ್ನ ಅವರು ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಳ್ಳುತ್ತಾರೆ ಎಂದು ಗೊತ್ತಾದ ದಿನ ಊಟ ಸೇರಲಿಲ್ಲ. ಮೊದಲು ಬ್ರಹ್ಮಚರ್ಯ ದೀಕ್ಷೆ, ಅದಕ್ಕೂ ಸಂನ್ಯಾಸಕ್ಕೂ ನಡುವೆ ವರ್ಷಗಳಿವೆ ಎಂದು ಯಜಮಾನರು ಸಮಾಧಾನ ಹೇಳಿದರು. ಕಾಫಿ ಗಿಡ ಹೂಬಿಡಲು ಬೇಕಾದ ಹೂ ಮಳೆಗೆ ಕಾಯುವ ಹಾಗೆ ಕಾಯೋಣ ಎಂದರು. ಮಾರ್ಚ್‌ನಲ್ಲಿ ಕೆರೆಯ ನೀರು ಇರುವಷ್ಟು ದಿನ ಸ್ಪ್ರಿಂಕ್ಲರ್ ಹಾಕುತ್ತೇವೆ. ಮೇಲಿನ ತೋಟಕ್ಕೆ ಆಕಾಶವೇ ಗತಿ. ಅಲ್ಲಿ ಮೊಗ್ಗು ಬಿಟ್ಟ ಗಿಡಗಳ ನಡುವೆ ನಿಂತು ನಾನು ಎಂದೂ ದೇವರೊಡನೆ ಜಗಳವಾಡಿದವಳಲ್ಲ. ದಿನವೂ ಮಗನಿಗೆ ಫೋನ್ ಮಾಡುವುದನ್ನು ಅಂದಿನಿಂದ ನಿಲ್ಲಿಸಿದೆ.

ಕಳೆದ ಸಲ ಆಶ್ರಮಕ್ಕೆ ಹೋದಾಗ ಊಟದ ಪಂಕ್ತಿಯಲ್ಲಿ ಅವನೇ ಬಡಿಸುತ್ತಿದ್ದ. ಬಿಳಿ ಪಂಚೆ, ತೋಟದ ಕೆಲಸದ ಗಾಯದ ಗುರುತಿರುವ ಅದೇ ಕೈ. ನನ್ನ ಎಲೆಯ ಮುಂದೆ ಬಗ್ಗಿ, "ಇನ್ನು ಸ್ವಲ್ಪ ಅನ್ನ ಹಾಕಲೇ, ಅಮ್ಮ?" ಎಂದ. ನಾನು ತಲೆಯಾಡಿಸಿದೆ. ಅವನು ಪಕ್ಕದ ಎಲೆಗೆ ಸರಿದು, ನನಗೆ ಪರಿಚಯವೇ ಇಲ್ಲದ ಅಜ್ಜಿಯೊಬ್ಬರನ್ನು ಅದೇ ದನಿಯಲ್ಲಿ ಕೇಳಿದ: "ಇನ್ನು ಸ್ವಲ್ಪ ಅನ್ನ ಹಾಕಲೇ, ಅಮ್ಮ?" ಆಕೆ ಕಣ್ಣರಳಿಸಿ ಹಾಕಪ್ಪಾ ಎಂದರು. ನಾನು ಎಲೆಯಲ್ಲಿ ಒಂದು ಅಗುಳೂ ಬಿಡದೆ ಊಟ ಮುಗಿಸಿದೆ.