ಮರಡಿಹಳ್ಳಿಯ ದಿಂಬು ಲಾವಾ: ವಯಸ್ಸು ಹುಡುಕಿದ ನನ್ನ ಅನುಭವ

ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಕಡೆ, ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿನ ಬಂಡೆಯ ಮೇಲೆ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತದೆ. ಕುದಿಯುವ ಲಾವಾ ನೀರಿನಡಿ ಉಕ್ಕಿದಾಗ ಹೀಗಾಗುತ್ತದೆ. ಹೊರಮೈ ತಟ್ಟನೆ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಹರಿಯುತ್ತಿರುತ್ತದೆ. ಹವಾಯಿಯ ಕಡಲಲ್ಲಿ ಇದು ನಮ್ಮ ಕಾಲದಲ್ಲೂ ನಡೆದಿದೆ. ಅಂದರೆ ಇಂದಿನ ಈ ಒಣ ಬಯಲಿನ ಮೇಲೆ ಒಮ್ಮೆ ನೀರಿತ್ತು.

ಕಲ್ಲಿನ ವಯಸ್ಸು ಹುಡುಕುವುದು ನನ್ನ ಕೆಲಸ. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ವಯಸ್ಸಲ್ಲ, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ಕೆಳಗಿನ ಎರಡು ದಿಂಬುಗಳ ಸಂದಿಗೆ ಅದರ ಚೂಪು ಬಾಲ ಇಳಿದಿರುತ್ತದೆ. ಪದರಗಳು ಮಡಚಿ, ನೆಟ್ಟಗೆ ಎದ್ದು ನಿಂತಿದ್ದರೂ ಆ ಬಾಲ ಯಾವ ಕಡೆಗಿದೆ ಎಂದು ನೋಡಿದರೆ ಆಗ ಮೇಲೆ ಯಾವುದಿತ್ತು ಅಂತ ಗೊತ್ತಾಗುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕಿಂತ ಚಿತ್ರ ಬಿಡಿಸುವುದೇ ಜಾಸ್ತಿ.

ಈ ಲಾವಾಕ್ಕೆ ನೇರವಾಗಿ ವಯಸ್ಸು ಹಾಕುವುದು ಕಷ್ಟ. ವಯಸ್ಸು ಹೇಳುವ ಖನಿಜ ಜಿರ್ಕಾನ್, ಲಾವಾ ತಣಿದು ಆದ ಇಂಥ ಬಸಾಲ್ಟ್‌ ಕಲ್ಲಿನಲ್ಲಿ ಅದು ಸಿಗುವುದು ಅಪರೂಪ. ಹಾಗಾಗಿ ಈ ಲಾವಾ ಸೇರಿರುವ ಕಲ್ಲುಗಳ ಉದ್ದನೆಯ ಸಾಲನ್ನು, ಅಂದರೆ ಶಿಲಾಪಟ್ಟಿಯನ್ನು, ಸೀಳಿಕೊಂಡು ಬಂದ ಚಿತ್ರದುರ್ಗ ಗ್ರಾನೈಟ್‌ನ ಮೊರೆ ಹೋಗಬೇಕು. ಸೀಳಿದ ಕಲ್ಲು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು, ಅಲ್ವಾ?

ಇಲ್ಲಿಂದ ನಿಜವಾದ ತಾಳ್ಮೆಯ ಕೆಲಸ. ಗ್ರಾನೈಟನ್ನು ಪುಡಿ ಮಾಡಿ, ಜರಡಿ ಹಿಡಿದು, ನೀರಿನಲ್ಲಿ ತೊಳೆಯುತ್ತೇವೆ. ಹಗುರ ಕಣ ಹೋಗುತ್ತದೆ. ಅಯಸ್ಕಾಂತ ಕಬ್ಬಿಣದ ಖನಿಜಗಳನ್ನು ಎಳೆದುಕೊಳ್ಳುತ್ತದೆ. ಭಾರದ ದ್ರವಕ್ಕೆ ಹಾಕಿದರೆ ಜಿರ್ಕಾನ್ ತಳಕ್ಕೆ ಮುಳುಗುತ್ತದೆ. ಕೂದಲೆಳೆಯಷ್ಟೇ ದಪ್ಪದ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಒಂದೊಂದಾಗಿ ಆರಿಸಬೇಕು. ಪ್ರತಿ ಮಾದರಿಗೂ ಪಾತ್ರೆ, ಜರಡಿ ಎಲ್ಲ ಹೊಸದಾಗಿ ತೊಳೆಯಬೇಕು. ಬೇರೆ ಕಲ್ಲಿನ ಒಂದು ಕಣ ಸೇರಿದರೂ ಲೆಕ್ಕ ಕೆಡುತ್ತದೆ.

ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚು ಕಡಿಮೆ ಹೊರಗಿಡುತ್ತದೆ. ಈಗ ಅದರಲ್ಲಿರುವ ಸೀಸ ಹೆಚ್ಚು ಕಡಿಮೆ ಯುರೇನಿಯಂ ವಿಕಿರಣ ಸೂಸುತ್ತಾ ಕ್ಷಯಿಸಿ ಆದದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಅದರ ಇನ್ನೊಂದು ಬಗೆಯಾದ ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಹೇಳದಿದ್ದರೆ ನಡುವೆ ಸೀಸ ಸೋರಿಹೋಗಿರಬಹುದು. ಇದನ್ನು ಅಳೆಯಲು ಹರಳಿನ ಒಂದು ಚುಕ್ಕೆಯನ್ನು ಲೇಸರ್‌ನಿಂದ ಆವಿ ಮಾಡುತ್ತೇವೆ, ಆ ಲೇಸರ್ ಎಲ್ಲಿ ಬೀಳಬೇಕು ಅನ್ನುವುದೂ ಮುಖ್ಯ. ಹರಳಿನ ನಡುವೆ ಹಳೆಯ ತಿರುಳು, ಸುತ್ತ ಆಮೇಲೆ ಬೆಳೆದ ಅಂಚು ಇರಬಹುದು. ಅವುಗಳನ್ನು ತೋರಿಸುವ ಚಿತ್ರ ತೆಗೆಯದೆ ಸುಮ್ನೆ ಲೇಸರ್ ಹಾಯಿಸುವುದನ್ನು ನಾನು ಒಪ್ಪುವುದಿಲ್ಲ.

ಚಿತ್ರದುರ್ಗ ಗ್ರಾನೈಟ್ ಸುಮಾರು 261 ಕೋಟಿ ವರ್ಷದ್ದು. ಶಿಲಾಪಟ್ಟಿಯ ಕೆಳಗಿರುವ, ಶಾಖ ಮತ್ತು ಒತ್ತಡದಿಂದ ಪಟ್ಟೆಪಟ್ಟೆಯಾದ ನೈಸ್ ಕಲ್ಲು 300 ಕೋಟಿಗೂ ಹಳೆಯದು. ದಿಂಬುಗಳು ಇವೆರಡರ ನಡುವಿನವು. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹೋದರೆ ಸುತ್ತಿಗೆ ಮುಟ್ಟಿಸಬೇಡಿ. ಬೆಳಗಿನ ಓರೆ ಬಿಸಿಲಲ್ಲಿ ಹೋಗಿ, ಬಾಲಗಳು ಚೆನ್ನಾಗಿ ಕಾಣುತ್ತವೆ.